ಬಲಗಡೆಯ ಬೆಂಚು

ಆ ಚರ್ಚಿನಲ್ಲಿ ಅಜ್ಜಂದಿರ ಕಾಲದಿಂದಲೂ ಗಂಡಸರು ಬಲಗಡೆ, ಹೆಂಗಸರು ಎಡಗಡೆ. “ಕುಡುಕರಿಗೆ ನರಕವೇ ಗತಿ” ಅಂತ ಅತ್ತೆ ದಿನಾ ಹಂಗಿಸುತ್ತಿದ್ದಳು. ಅದೇ ನಿಜವಾದೀತೆಂದು ಮನೆಯಳಿಯ ಸಾಲೊಮೋನನಿಗೆ ಒಳಗೊಳಗೇ ಪುಕುಪುಕು. ಆ ಭಾನುವಾರ ಪಾದ್ರಿ, ಕಡೇ ತೀರ್ಪಿನ ದಿನ ಕರ್ತನ ಬಲಗಡೆಯವರು ಸ್ವರ್ಗಕ್ಕೆ, ಎಡಗಡೆಯವರು ಬೆಂಕಿಗೆ ಅಂದರು. ಅವನ ಎದೆ ಹಗುರಾಯಿತು.

ಹೊರಗೆ ಬರುತ್ತಲೇ ಕೆಣಕಿದ: “ಕೇಳಿದ್ರಾ ಅತ್ತೆ? ನಿಮ್ಮ ಬೆಂಚು ಪೂರ್ತಿ ಬೆಂಕಿಗೆ.”

ಅತ್ತೆ ಸೆರಗು ಸರಿಮಾಡಿಕೊಂಡಳು. “ಹೌದಾ ಅಳಿಯದೇವ್ರೇ? ತೀರ್ಪು ಕೊಡೋನು ನಮ್ಮ ಕಡೆ ಮುಖ ಮಾಡಿ ಕೂರ್ತಾನೋ, ಬೆನ್ನು ಹಾಕಿ ಕೂರ್ತಾನೋ?”

ಅವನು ಬಾಗಿಲಲ್ಲೇ ಹಿಂದುಮುಂದಾಗಿ ತಿರುಗಿ, ಎರಡೂ ಕೈ ಎತ್ತಿ ನೋಡಿಕೊಂಡ.

ಮುಂದಿನ ಭಾನುವಾರ ಹೆಂಗಸರ ಬೆಂಚಿನ ತುದಿಗೆ ಬಂದು ನಿಂತು ಮೆಲ್ಲಗೆ ಅಂದ: “ಅತ್ತೆ, ಒಂಚೂರು ಆಚೆ ಸರೀರಿ.”

“ಎಲ್ಲಿಗೆ ಸರಿಯಲಿ? ಆಚೆ ನಿಮ್ಮ ಮಾವ ಆಗ್ಲೇ ಬಂದು ಕೂತವ್ರೆ.”