ಕನ್ನಡಿ ನೋಡದೆ ಕೊರೆದ ಬಳ್ಳಿ

ಎರ್ಹಾರ್ಡ್ ಆ ಹಾಳೆಯನ್ನು ರೆಗಿನಾಳ ಮುಂದೆ ಬಡಿದ ರಭಸಕ್ಕೆ ಬಣ್ಣ ಕಲಸಿಟ್ಟ ಚಿಪ್ಪೊಂದು ಮಗುಚಿ, ಹಸಿರೆಲ್ಲ ಮೇಜಿನುದ್ದಕ್ಕೂ ಹರಿಯಿತು.

"ಇದನ್ನ ಅವರಿಗೆ ಕೊಟ್ಟಿದ್ದು ಯಾರು?"

ಆಗ್ಸ್‌ಬರ್ಗಿನಲ್ಲಿ ಅಚ್ಚಾದ ಹಾಳೆ ಅದು. ಕೋಲಿಗೆ ಸುತ್ತಿಕೊಂಡ ಬೇಲಿಬಳ್ಳಿ, ಬಿಳಿ ತುತ್ತೂರಿಯಂಥ ಹೂವು, ಕೆಳಗೆ ಹುಳು ಅರ್ಧ ತಿಂದ ಎಲೆ. ಆ ಎಲೆಯನ್ನು ರೆಗಿನಾ ಹೋದ ಬೇಸಿಗೆಯಲ್ಲಿ ಇದೇ ನ್ಯೂರೆಂಬರ್ಗಿನ ಕೋಟೆಗೋಡೆಯ ಬುಡದಲ್ಲಿ ಕೂತು, ಹುಳು ತಿನ್ನುತ್ತಿದ್ದಂತೆಯೇ ಬರೆದಿದ್ದಳು. ಅದನ್ನು ಅಚ್ಚು ಹಾಕಲು ತಾಮ್ರದ ತಗಡಿನಲ್ಲಿ ಕೊರೆದವನು ಎರ್ಹಾರ್ಡ್. ಅವಳಿಂದ ಚಿತ್ರ ಬರೆಸಿ ಅವನು ತರುತ್ತಿರುವ ಗಿಡಮೂಲಿಕೆಗಳ ಪುಸ್ತಕ ಇನ್ನೂ ಹೊಲಿಗೆಗೇ ಹೋಗಿಲ್ಲ. ಅಷ್ಟರಲ್ಲಿ ಅದೇ ಹೂವು ಅದೇ ಹುಳುವಿನ ಸಮೇತ ಬೇರೆಯವರ ಅಂಗಡಿಯಲ್ಲಿ ತೂಗಾಡುತ್ತಿದೆ. ಇನ್ನು ತನ್ನ ಪುಸ್ತಕವನ್ನೇ ಜನ ನಕಲು ಎನ್ನುವುದಿಲ್ಲವೇ?

ರೆಗಿನಾಳ ಮೇಲೆ ಅವನಿಗೆ ಗುಮಾನಿ ಹುಟ್ಟಿದ್ದು ಈ ಹಾಳೆ ಕಂಡ ಮೇಲಲ್ಲ. ಗಂಡ ಸತ್ತ ಹೆಂಗಸು, ಚಳಿಗಾಲದಲ್ಲಿ ಹೊಸ ಶಾಲು ಹೇಗೆ ಹೊದ್ದಳು? ಬರೆದದ್ದನ್ನು ಎದೆಗವಚಿಕೊಂಡು ಮನೆಗೇಕೆ ಒಯ್ಯುತ್ತಾಳೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ಬೆಳಿಗ್ಗೆ ಅವನು ಅಚ್ಚಿನ ಕಸುಬಿನ ಹಿರಿಯರ ಮನೆಗೆ ಹೋಗಿ ದೂರು ಕೊಟ್ಟೇ, ತನ್ನ ಮನೆಯಲ್ಲಿ ಅವಳು ಕೂತು ಬರೆಯುವ ಈ ಕೋಣೆಗೆ ಬಂದಿದ್ದ. ಹಿರಿಯರು ಸಂಜೆ ಸೇರುತ್ತಾರೆ. ಅವರು ಹೌದೆಂದರೆ ಈ ಊರಿನ ಯಾವ ಅಚ್ಚಿನವನೂ ರೆಗಿನಾಳಿಂದ ಒಂದು ಹುಲ್ಲುಕಡ್ಡಿಯ ಚಿತ್ರವನ್ನೂ ಕೊಳ್ಳುವುದಿಲ್ಲ.

ರೆಗಿನಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಳಲಿಲ್ಲ. ಅವಳು ಅತ್ತಿದ್ದರೆ ಎರ್ಹಾರ್ಡನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಬಳ್ಳಿ ಸುತ್ತಿರೋದು ನೋಡಿ ಯಜಮಾನ್ರೇ. ಈ ಬಳ್ಳಿ ಕೋಲಿನ ಮುಂದೆ ಎಡದಿಂದ ಬಲಕ್ಕೆ ಹತ್ತುತ್ತೆ. ನಾನು ಬರೆದಿರೋದೂ ಹಂಗೇ. ಇದರಲ್ಲಿ ಬಲದಿಂದ ಎಡಕ್ಕೆ ಹತ್ತಿದೆ."

"ಕದ್ದವನು ಕನ್ನಡಿ ಇಟ್ಟುಕೊಳ್ಳದೆ ಕೊರೆದಿದ್ದಾನೆ. ಅದಕ್ಕೇ ತಿರುಗಾಮುರುಗಾ ಅಚ್ಚಾಗಿದೆ."

"ಹಂಗಾಗಿದ್ರೆ ಇಡೀ ಚಿತ್ರ ತಿರುಗಬೇಕಿತ್ತಲ್ಲ? ಹುಳು ತಿಂದ ಎಲೆ ಇರಬೇಕಾದ ಕಡೆಗೇ ಇದೆ. ತಪ್ಪಿರೋದು ಬಳ್ಳಿ ಒಂದೇ." ಅವಳು ಹಾಳೆಯನ್ನು ಅವನತ್ತ ತಿರುಗಿಸಿದಳು. "ಈ ಬಳ್ಳೀನ ನೀವು ತಗಡಿನಲ್ಲಿ ಮೊದಲು ಕೊರೆದದ್ದು ಹೆಂಗೆ ಅಂತ ನೆನಪಿದೆಯಾ?"

ಎರ್ಹಾರ್ಡನ ಕಿವಿ ಬಿಸಿಯಾಯಿತು. ನೆನಪಿಲ್ಲದೆ ಏನು! ತಗಡಿನಲ್ಲಿ ತಿರುಗಿಸಿ ಕೊರೆದರೆ ತಾನೇ ಕಾಗದದ ಮೇಲೆ ನೆಟ್ಟಗೆ ಬರುವುದು. ಅದಕ್ಕೇ ಚಿತ್ರವನ್ನು ಕನ್ನಡಿಯ ಮುಂದಿಟ್ಟು, ಕನ್ನಡಿಯಲ್ಲಿ ಕಂಡಂತೆ ಕೊರೆಯುವುದು. ಹೂವು, ಎಲೆ, ಹುಳು ಎಲ್ಲವನ್ನೂ ಹಾಗೇ ಕೊರೆದಿದ್ದ. ಕೊನೆಗೆ, ಒಂದು ಬಳ್ಳಿಗೆ ಕನ್ನಡಿ ಬೇರೆ ಕೇಡು ಎಂದು ಚಿತ್ರವನ್ನೇ ನೋಡಿಕೊಂಡು ಗೀಚಿಬಿಟ್ಟಿದ್ದ. ಕರಡು ಅಚ್ಚಿನಲ್ಲಿ ತಪ್ಪು ಹಿಡಿದವಳು ಇವಳೇ. ಅವನು ಒಪ್ಪದೆ, ಕುಂಡದಲ್ಲಿದ್ದ ಬಳ್ಳಿಯನ್ನೇ ಬಿಚ್ಚಿ ತನ್ನ ತಗಡಿನಂತೆ ಸುತ್ತಿ ಕಟ್ಟಿದ್ದ. ಕೆಲವೇ ದಿನಗಳಲ್ಲಿ ಅದರ ಕುಡಿ ಕಟ್ಟು ತಪ್ಪಿಸಿಕೊಂಡು ಮತ್ತೆ ತನ್ನ ದಾರಿ ಹಿಡಿದಿತ್ತು. ಆಮೇಲೆ ತೆಪ್ಪಗೆ ಬಳ್ಳಿಯನ್ನು ಕೆರೆದು ಹೊಸದಾಗಿ ಕೊರೆದ. ತಪ್ಪಾದ ಕರಡುಗಳನ್ನು ಅಡುಗೆಮನೆಯ ಒಲೆಗೆ ಹಾಕಲು ಕೊಟ್ಟ.

"ಆ ಕರಡನ್ನ ನೀನೂ ನೋಡಿದ್ದೆ," ಎಂದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ನೋಡಿದ್ದೆ. ಸರಿಯಾಗಿರೋ ಚಿತ್ರ ನನ್ನ ಕೈಲಿತ್ತು. ಮಾರೋಳು ತಪ್ಪಾಗಿರೋದನ್ನ ಯಾಕೆ ಮಾರಲಿ?"

"ನಿನ್ನ ಮೇಲೆ ಗುಮಾನಿ ಬರಬಾರದು ಅಂತ! ತಪ್ಪಾಗಿರೋದನ್ನೇ ಬೇಕು ಅಂತ ಕೊಟ್ಟಿದ್ದೀಯ."

ಅಷ್ಟು ಹೊತ್ತು ಬಾಗಿಲಲ್ಲೇ ನಿಂತಿದ್ದ ಅವನ ಹೆಂಡತಿ ಕುನಿಗುಂಡ ಒಳಗೆ ಬಂದಳು. ಹಾಳೆಯನ್ನು ನೋಡಿ, ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಅಯ್ಯೋ, ಇದು ಆ ಕರಡಿನ ಹೂವಲ್ವೇನ್ರೀ? ಅಷ್ಟು ಒಳ್ಳೇ ಕಾಗದ ಯಾರಾದ್ರೂ ಒಲೆಗೆ ಹಾಕ್ತಾರಾ? ಕ್ರಿಸ್ಮಸ್ಸಿಗೆ ಅಣ್ಣನಿಗೆ ಜೇನುಬಿಲ್ಲೆ ಕಳಿಸಿದ್ದೆನಲ್ಲ, ಅದರಲ್ಲೇ ಸುತ್ತಿ ಕಳಿಸಿದೆ."

"ಯಾವ ಅಣ್ಣನಿಗೆ?"

"ನನಗಿರೋದು ಒಬ್ಬನೇ ಅಣ್ಣ. ಆಗ್ಸ್‌ಬರ್ಗಿನೋನು." ಹಾಗೆಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. "ಅವನ ಮಹಡಿ ಮೇಲೆ ಒಬ್ಬ ಅಚ್ಚಿನವನು ಬಾಡಿಗೆಗಿದ್ದಾನೆ ಕಣ್ರೀ."

ಎರ್ಹಾರ್ಡ್ ಹೆಂಡತಿಯನ್ನು ದಿಟ್ಟಿಸಿದ. ಇವಳೂ ಅಣ್ಣನೂ ಸೇರಿಯೇ... ಎಂಬ ಯೋಚನೆ ಬಂದೇಬಂತು. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಸರಿ, ಇನ್ನು ನನ್ನನ್ನ ಶುರುಮಾಡಿ! ಆ ಕಳ್ಳನನ್ನ ನೋಡಿ ಕಲೀರಿ. ಅವನು ನಿಮ್ಮ ತಪ್ಪನ್ನೂ ಗೆರೆ ಬಿಡದೆ ನಂಬಿದ್ದಾನೆ. ನೀವು ಈ ಹುಡುಗಿ ಸರಿಯಾಗಿ ಬರೆದಿದ್ದನ್ನೂ ನಂಬಲಿಲ್ಲ."

ಎರ್ಹಾರ್ಡನಿಗೆ ನಾಚಿಕೆಯಾಯಿತು. ಮಗುಚಿದ್ದ ಚಿಪ್ಪನ್ನು ಎತ್ತಿ ನೆಟ್ಟಗಿಟ್ಟ. "ಆಯ್ತು ಬಿಡು ರೆಗಿನಾ. ಕೂತ್ಕೋ, ಕೆಲಸ ಮುಂದುವರಿಸು."

ರೆಗಿನಾ ಕೂರಲಿಲ್ಲ. ಕುಂಚಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ಹಿರಿಯರು ಸಂಜೆ ಸೇರ್ತಾರಲ್ಲ. ಮೊದಲು ಅಲ್ಲಿಗೆ ಹೋಗಿ ಬನ್ನಿ. ನಡೆದದ್ದನ್ನ ನಡೆದ ಹಾಗೇ ಹೇಳಿ."

"ಹೇಳಬಹುದು. ಆದ್ರೆ ಬಳ್ಳಿ ಉಲ್ಟಾ ಕೊರೆದೋನು ನಾನು ಅಂತಾನೂ ಹೇಳಬೇಕಾಗುತ್ತಲ್ಲ? ನನ್ನ ತಪ್ಪು ಊರಿಗೆಲ್ಲ ಗೊತ್ತಾಗಿಬಿಡುತ್ತೆ."

ರೆಗಿನಾ ಆಗ್ಸ್‌ಬರ್ಗಿನ ಹಾಳೆಯನ್ನು ಮಡಿಸಿ ಅವನ ಕೈಗಿತ್ತಳು.

"ನಿಮ್ಮ ತಪ್ಪು ಆಗಲೇ ಅಚ್ಚಾಗಿ ಅಂಗಡಿಗೆ ಬಂದಿದೆ ಯಜಮಾನ್ರೇ. ಕೆಳಗೆ ನಿಮ್ಮ ಹೆಸರೊಂದು ಇಲ್ಲ, ಅಷ್ಟೇ."