ನಲವತ್ತನೇ ಪ್ರಶ್ನೆ

ಮೂವತ್ತೊಂಬತ್ತು ಪ್ರಶ್ನೆಗಳನ್ನು ನಿಲ್ಲಿಸದೆ ಓಡಿಸಿಕೊಂಡು ಬಂದ ಬಸ್ ಡ್ರೈವರ್, ನಲವತ್ತನೆಯದಕ್ಕೆ ಬ್ರೇಕ್ ಹಾಕಿಬಿಟ್ಟ.

ಅದು ಶಾಲೆಯಲ್ಲಿ, ಹತ್ತನೇ ತರಗತಿ ಮುಗಿಸುವವರು ಮುಂದೇನು ಓದಬೇಕೆಂದು ದಾರಿ ತೋರಿಸುವ ಮೇಡಂ ಕೋಣೆ. ಅವರದೊಂದು ಪದ್ಧತಿ: ಮಗು ತನ್ನ ಬಗ್ಗೆ ಬರೆದ ಪ್ರಶ್ನೆಪತ್ರಿಕೆಯನ್ನೇ ಅಪ್ಪನಿಗೂ ಕೊಟ್ಟು, ಮಗುವಿನ ಬಗ್ಗೆ ಬರೆಸಿ, ತಾಳೆ ನೋಡುವುದು. ಬಹಳಷ್ಟು ಅಪ್ಪಂದಿರು ನಲವತ್ತಕ್ಕೆ ಹದಿನೈದು ದಾಟುತ್ತಿರಲಿಲ್ಲ. ಒಬ್ಬ ಮಹಾಶಯರಂತೂ ಮಗ ಯಾವ ತರಗತಿ ಎನ್ನುವಲ್ಲೇ ಫೇಲಾಗಿದ್ದರು.

"ಮೂವತ್ತೊಂಬತ್ತೂ ಸರಿ! ಇಷ್ಟು ಅಂಕ ತೆಗೆದ ಅಪ್ಪ ನೀವೇ ಮೊದಲು."

"ಶಾಲೇಲಿ ನಾನು ಇಷ್ಟು ತೆಗೆದಿದ್ದೂ ಇದೇ ಮೊದಲು ಮೇಡಂ," ಎಂದು ಡ್ರೈವರ್ ಕಾಲರ್ ಸರಿಮಾಡಿಕೊಂಡ.

"ಕೊನೇದು ಯಾಕೆ ಖಾಲಿ? 'ನಿಮ್ಮ ಮಗುವಿಗೆ ಏನಾಗಲು ಆಸೆ?' ನಿಮ್ಮ ಮಗಳು ಡೀಸೆಲ್ ಮೆಕ್ಯಾನಿಕ್ ಅಂತ ಬರ್ದಿದಾಳೆ. ನಿಮಗೆ ಗೊತ್ತಿರಲಿಲ್ವಾ?"

ಪಕ್ಕದಲ್ಲಿದ್ದ ಮಗಳು ಮೇಜಿನ ಮೇಲಿದ್ದ ಅರ್ಜಿಯತ್ತ ನೋಡಿದಳು. ತಾಂತ್ರಿಕ ತರಬೇತಿಯ ಅರ್ಜಿಗೆ ಇವತ್ತೇ ಕಡೇ ದಿನ. ಅಪ್ಪನ ಸಹಿ ಇಲ್ಲದೆ ಅದು ಮೇಜು ಬಿಟ್ಟು ಏಳುವುದಿಲ್ಲ.

"ಗೊತ್ತು ಮೇಡಂ. ಬರೆದ್ರೆ ಒಪ್ಪಿದ ಹಾಗಾಗುತ್ತಲ್ಲ! ಅವರಮ್ಮನೂ ನಾನೂ ಇವಳನ್ನ ಡಾಕ್ಟರ್ ಮಾಡ್ಬೇಕು ಅಂತಿದೀವಿ. ಹೆಣ್ಣುಮಗು, ಮೈಕೈಗೆಲ್ಲ ಗ್ರೀಸು..."

"ಸರಿ ಬಿಡಿ. ವಯಸ್ಸಿನ ಹುಚ್ಚು, ಇಳಿದುಹೋಗುತ್ತೆ ಅಂತ ಬರ್ಕೊಳ್ತೀನಿ."

"ಹುಚ್ಚಾ!" ಕುರ್ಚಿ ಕಿರ್ರೆಂದಿತು. "ಏನ್ ಮಾತು ಅಂತ ಆಡ್ತೀರಿ? ಡಿಪೋದಲ್ಲಿ ಮೂರು ದಿನ, ಮೂರು ಜನ ಮೆಕ್ಯಾನಿಕ್‌ಗಳು ನನ್ನ ಬಸ್ಸಿನ ಮುಂದೆ ತಲೆ ಕೆರ್ಕೊಂಡು ಕೂತಿದ್ರು. ಇವಳು ಊಟದ ಡಬ್ಬಿ ಕೊಡೋಕೆ ಬಂದವಳು, ನಿಂತಲ್ಲೇ ಇಂಜಿನ್ ಸದ್ದಿಗೆ ಕಿವಿ ಕೊಟ್ಟು 'ಅಪ್ಪಾ, ಮೂರನೇ ಇಂಜೆಕ್ಟರ್ ಉಗ್ಗುತ್ತಿದೆ' ಅಂದ್ಲು. ಬಿಚ್ಚಿ ನೋಡಿದ್ರೆ ಅದೇ! ಹೆಂಗಿತ್ತು ಅಂತೀರಿ ಆ ಸದ್ದು? ಗುಡುಗುಡುಗುಡು... ಗುಕ್! ಗುಡುಗುಡುಗುಡು... ಗುಕ್!"

ಪಕ್ಕದ ತರಗತಿಯಿಂದ ಗಣಿತದ ಮೇಷ್ಟ್ರು ಇಣುಕಿ ನೋಡಿದರು.

"ಗುಕ್ ಅಲ್ಲಪ್ಪಾ," ಮಗಳು ತಡೆಯಲಾರದೆ ಬಾಯಿಬಿಟ್ಟಳು, "ಗ್ಗುಟುಕ್!"

"ಹಾಂ! ಕೇಳಿದ್ರಾ? ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದಿದೀನಿ, ನನಗೆ ಆ 'ಟು' ಕೇಳಿಸಿರಲೇ ಇಲ್ಲ!"

ಮೇಡಂ ಪೆನ್ನು ಮುಂದಕ್ಕೆ ತಳ್ಳಿದರು. ಡ್ರೈವರ್ ಮಗಳ ಮುಖ ನೋಡಿದ, ಗೋಡೆ ನೋಡಿದ, ಮತ್ತೆ ಮಗಳ ಮುಖ ನೋಡಿದ. "ಅವರಮ್ಮನಿಗೆ ನಾನೇ ಹೇಳ್ಕೊಳ್ತೀನಿ," ಎಂದು ಗೊಣಗುತ್ತ ನಲವತ್ತನೆಯದನ್ನೂ ಬರೆದ, ಅರ್ಜಿಗೂ ಸಹಿ ಜಡಿದ.

ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಇನ್ನೊಬ್ಬ ಅಪ್ಪ ಗಾಬರಿಯಿಂದ ಕೇಳಿದ, "ಒಳಗೆ ಏನೇನು ಕೇಳ್ತಾರೆ ಸಾರ್?"

"ಅದಿರ್ಲಿ, ನೀವು ಕಾರಲ್ಲಿ ಬಂದ್ರಾ?" ಅಂದ ಡ್ರೈವರ್. "ಒಂದ್ಸಲ ಸ್ಟಾರ್ಟ್ ಮಾಡಿ ಬನ್ನಿ. ಏನು ಕೆಟ್ಟಿದೆ ಅಂತ ನಮ್ಮ ಹುಡುಗಿ ಇಲ್ಲಿಂದಲೇ ಹೇಳ್ತಾಳೆ."