ಮೂಟೆ ಹೊತ್ತ ಬೆನ್ನು

ಹೆಡ್‌ಮಾಸ್ತರ ಮೆಟ್ಟಿಲು ಹತ್ತಿದ ರಭಸಕ್ಕೆ ಕೆಳಗಿನ ಮುದ್ರಣಾಲಯದವರು ಕೆಲಸ ನಿಲ್ಲಿಸಿ ಕತ್ತೆತ್ತಿದರು. ಮೇಲಿನ ಕೋಣೆಯಲ್ಲಿ ಅವನ ಹೆಂಡತಿ ಚಿತ್ರ ಬರೆಯುತ್ತಾಳೆ. ಫೋಟೋಗೆ ಕಟ್ಟು ಹಾಕುವವನು ಬೆಳಿಗ್ಗೆ ನಡುಬೀದಿಯಲ್ಲಿ ಹಲ್ಲು ಕಿರಿದಿದ್ದ: ಮೇಡಂ ಬರೆದ ಬೆತ್ತಲೆ ಹೆಂಗಸು ಎಷ್ಟು ದೊಡ್ಡದೆಂದರೆ ಚೌಕಟ್ಟಿಗೆ ಅಷ್ಟುದ್ದದ ಮರವೇ ಸಿಗುತ್ತಿಲ್ಲ. ನಾಳೆ ಅದು ಪ್ರದರ್ಶನಕ್ಕೆ ಹೊರಡಲಿದೆಯಂತೆ. ಊರಿಗೆಲ್ಲ ಗೊತ್ತಾದ ಮೇಲೆ ಗಂಡನಿಗೆ ಗೊತ್ತಾಗುವುದು ಹೊಸದೇನಲ್ಲ.

ಮಧ್ಯಾಹ್ನ ಊಟಕ್ಕೆ ಬಂದವನು ಸಿಟ್ಟನ್ನೆಲ್ಲ ತಾಯಿಯ ಮುಂದೆ ಕಾರಿಕೊಂಡಿದ್ದ. ಸೊಸೆಯ ವಿಷಯ ಬಂದಾಗ ತಾಯಿ ತನ್ನ ಕಡೆಗೇ ಎಂಬ ಭರವಸೆ ಯಾವ ಮಗನಿಗೆ ತಾನೇ ಇರುವುದಿಲ್ಲ? ಆಕೆ ಹಿಡಿದುಕೊಂಡಿದ್ದ ಕುತ್ತಿಗೆಗೆ ಎಣ್ಣೆ ತಿಕ್ಕಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಿದ್ದಳು.

"ಹೋಗಿ ಕಣ್ಣಾರೆ ನೋಡು. ನೋಡದೆ ಯಾರನ್ನೂ ಬೈಬೇಡ," ಎಂದು, ಮಂಡಿನೋವಿನ ವ್ಯಾಯಾಮಕ್ಕೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದ್ದಳು. ಶಾಲೆಗೆ ಮರಳಿದವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕೊನೆಯ ಗಂಟೆಗೂ ಕಾಯದೆ ಎದ್ದು ಬಂದ.

ಬಾಗಿಲು ತಳ್ಳಿದಾಗ ಮೂಲೆಯ ಪರದೆ ಇನ್ನೂ ಅಲುಗಾಡುತ್ತಿತ್ತು. ಚಿತ್ರಕ್ಕೆ ಕುಳಿತವಳು ಅದರ ಹಿಂದೆ ಸರಿದುಕೊಂಡಿದ್ದಳು.

ಎದುರಿಗೆ ಗೋಡೆಯೆತ್ತರದ ಕ್ಯಾನ್ವಾಸು. ಅದರ ತುಂಬ ಹೆಣ್ಣೊಬ್ಬಳ ಬರಿಯ ಬೆನ್ನು. ಮುಖವಿಲ್ಲ. ಅಗಲ ಹೆಗಲು, ಹುರಿಗಟ್ಟಿದ ತೋಳು, ಭಾರ ಕೂತು ಕೂತು ಜಡ್ಡುಗಟ್ಟಿದ ಚರ್ಮ. ಚಿತ್ರಗಾರ್ತಿ ಬ್ರಷ್ಷನ್ನು ಪಕ್ಕಕ್ಕಿಟ್ಟು ಅಲಗಿನಿಂದ ಬಣ್ಣ ಮೆತ್ತಿದ್ದಳು, ಒಣಗಿದ ಮೇಲೆ ಕೆರೆದಿದ್ದಳು, ಮತ್ತೆ ಮೆತ್ತಿದ್ದಳು. ಹಿಂದೆ ಅವಳು ಬರೆದದ್ದೆಲ್ಲ ಹೂದಾನಿಗಳು. ಅವು ಹೆಡ್‌ಮಾಸ್ತರನ ಆಫೀಸಿನಲ್ಲಿ ನೇತಾಡಿ ಶಹಬ್ಬಾಸ್ ಗಿಟ್ಟಿಸಿದ್ದವು. ಹೆಣ್ಣೆಂದರೆ ಬಳ್ಳಿ ಎನ್ನುವವರು ಬಳ್ಳಿಯನ್ನೇ ಬರೆದುಕೊಳ್ಳಲಿ, ತನಗೆ ಕಾಂಡ ಬೇಕು ಎಂದು ಹಟ ಹಿಡಿದು ಶುರುಮಾಡಿದ್ದು ಈ ಚಿತ್ರ. ವರ್ಷವಿಡೀ ಅವಳ ಜೀವವೆಲ್ಲ ಇದರಲ್ಲೇ ಇತ್ತು.

"ಇದು ನೀನೇನಾ?"

"ನನ್ನ ಬೆನ್ನು ನಿಮಗೆ ಗೊತ್ತಿಲ್ವಾ?" ಎಂದಳು ಅವಳು, ಅಲಗು ಒರೆಸುತ್ತ.

ಗೊತ್ತಿರಲಿಲ್ಲ. ಅದಕ್ಕೇ ಸಿಟ್ಟು ನೆತ್ತಿಗೇರಿತು. ಮರ್ಯಾದೆ, ಮಕ್ಕಳ ಪೋಷಕರು, ಮೇಲಧಿಕಾರಿಗಳು ಎಂದು ಪಾಠ ಒಪ್ಪಿಸಿದ. ನನ್ನ ಮನೆಯ ಹೆಂಗಸರು ಯಾರೂ ಹೊಸಿಲು ದಾಟಿ ದುಡಿದವರಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ, ಇನ್ನು ಮುಖ ಎಲ್ಲಿಡಲಿ ಎಂದ. ನೆಲದ ಮೇಲಿದ್ದ ಬಿಳಿ ಬಣ್ಣದ ಡಬ್ಬಿ ಎತ್ತಿಕೊಂಡು, ನೀನೇ ಬಳಿದು ಮುಚ್ಚುತ್ತೀಯೋ, ನಾನೇ ಸುರಿಯಲೋ ಎಂದು ಕೇಳಿದ.

ಅವಳು ಚಿತ್ರಕ್ಕೂ ಡಬ್ಬಿಗೂ ನಡುವೆ ಬಂದು ನಿಂತಳು. ಸುರಿಯುವುದಾದರೆ ಮೊದಲು ತನ್ನ ಮೇಲೆ ಸುರಿಯಲಿ ಎಂದಳು. ದನಿ ಏರಲಿಲ್ಲ, ಕಾಲು ಕದಲಲಿಲ್ಲ. ಮದುವೆಯಾದಾಗಿನಿಂದ 'ಆಗಲಿ' ಎಂದೇ ಬಾಳಿದವಳು. ಈಗ ಅವಳಿಗೆ ಭಯವಾಗಿತ್ತು, ಭಯಕ್ಕಿಂತ ಹೆಚ್ಚು ಖುಷಿಯಾಗಿತ್ತು.

ಹೆಂಡತಿಗೆ ನಾಟದ್ದು ಬಾಡಿಗೆಗೆ ಬಂದವಳಿಗಾದರೂ ನಾಟಲಿ ಎಂದು ಅವನು ಪರದೆಯ ಕಡೆ ತಿರುಗಿದ.

"ಮೂಟೆ ಹೊತ್ತ ಬೆನ್ನು. ನೋಡಿದ್ರೇ ಗೊತ್ತಾಗುತ್ತೆ, ಮರ್ಯಾದಸ್ಥರ ಮನೆ ಹೆಂಗಸಲ್ಲ."

"ಮೂಟೆ ಹೊತ್ತಿದ್ದು ನಿಜ," ಎಂದಳು ಚಿತ್ರಗಾರ್ತಿ. "ಬಾಡಿಗೆಗೆ ಬಂದವರಲ್ಲ. ತಾವಾಗೇ ಬಂದು ಕೂತ್ರು. ಮುಖ ಎಲ್ರೂ ನೋಡಿದ್ದಾರೆ, ಬೆನ್ನು ಬರಿ ಅಂದ್ರು."

ಅವನು ಡಬ್ಬಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದವರು ತಲೆಯೆತ್ತಿ ತಿರುಗುವುದಾದರೂ ಹೇಗೆ ಎಂದು ಗುಡುಗಿದ.

"ಯಾವ ಮನೆಯವಳು ಇವಳು? ಈಚೆ ಬರ್ಲಿ, ನಾನೇ ಕೇಳ್ತೀನಿ."

"ನಿನ್ನ ಮನೆಯವಳೇ ಕಣಪ್ಪ, ಮೂಟೆ ಹೊತ್ತೇ ನಿನ್ನನ್ನ ಮೇಷ್ಟ್ರು ಮಾಡಿದ್ದು," ಎನ್ನುತ್ತ, ಶಾಲು ಸುತ್ತಿಕೊಂಡು ಪರದೆ ಸರಿಸಿ ಈಚೆ ಬಂದಳು ಅವನ ತಾಯಿ.